ಹಂಡೆ ಒಲೆಯ ಮೇಲಿನ ದಡಸಲು

ನಮ್ಮ ಮನೆಯ ಬಚ್ಚಲಿನಲ್ಲಿ ಗೀಸರ್ ಇದೆ. ಅಳಿಯ ಹಾಕಿಸಿಕೊಟ್ಟದ್ದು. ಗುಂಡಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಒಂದು ಬಸಿ ಚಹಾ ಕುಡಿಯುವಷ್ಟರಲ್ಲಿ ನೀರು ಸುಡುತ್ತದೆ. ಆದರೂ ದಿನಾ ಬೆಳಿಗ್ಗೆ ನಾನು ಹಿತ್ತಲಿನ ಹಂಡೆ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣಲ್ಲಿ ನೀರು ಸುರಿಸುತ್ತ, ಕೊಳವೆಯಿಂದ ಬೆಂಕಿ ಊದುತ್ತೇನೆ. ಓಣಿಯವರು ನನಗೆ ಕರೆಂಟಿನ ಭಯ ಎಂದುಕೊಂಡಿದ್ದಾರೆ. ರಬ್ಬರ್ ಚಪ್ಪಲಿ ಹಾಕಿಕೊಂಡು ಜಳಕ ಮಾಡು ಎಂದು ಒಬ್ಬರು ಉಪಾಯವನ್ನೂ ಹೇಳಿದರು. ನಾನು ಹೂಂ ಅಂದೆ. ಒಲೆ ಹೊತ್ತಿಸುವುದು ನೀರಿಗಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಮಲಗಿರುವ ಒಂದು ಕಟ್ಟಿಗೆಗೆ ಹೊಗೆ ಕೊಡಲಿಕ್ಕೆ ಎಂದು ಹೇಳಿದ್ದರೆ ಇನ್ನೂ ಏನೇನು ಉಪಾಯ ಬರುತ್ತಿದ್ದವೋ.

ಈಗ ಅಟ್ಟದಲ್ಲಿರುವುದು ಹೊಸ ಕಟ್ಟಿಗೆ. ನಾನು ಹೇಳಲು ಕೂತಿರುವುದು ಅದಕ್ಕಿಂತ ಮೊದಲಿನದರ ಸಂಗತಿ. ಅದನ್ನು ಅಲ್ಲಿ ಇಟ್ಟವಳು ನನ್ನ ಅಕ್ಕ. ಇಟ್ಟವಳು ಇಳಿಸಲಿಲ್ಲ. ಹೋದ ವರ್ಷವಲ್ಲ, ಅದರ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಳು.

ನಾವು ಸವಣೂರಿನ ಪಿಂಜಾರರು. ನೀವು ಹತ್ತಿಯ ಗಾದಿಯ ಮೇಲೆ ಮಲಗಿ ಬೆಳೆದವರಾದರೆ ನಮ್ಮವರನ್ನು ನೋಡಿಯೇ ಇರುತ್ತೀರಿ. ಹೆಗಲ ಮೇಲೆ ಆಳೆತ್ತರದ ಬಿಲ್ಲು ಹೊತ್ತು ಬಂದು, ನಿಮ್ಮ ಪಡಸಾಲೆಯಲ್ಲಿ ಹಳೆಯ ಗಾದಿಯ ಹೊಟ್ಟೆ ಬಿಚ್ಚಿ, ಕಲ್ಲಿನಂತಾದ ಹತ್ತಿಯನ್ನು ಹಗಲೆಲ್ಲ ಟೊಂಯ್ ಟೊಂಯ್ ಎಂದು ಹಿಂಜಿ, ಮನೆಮಂದಿಯ ಹುಬ್ಬು ಮೀಸೆಯನ್ನೆಲ್ಲ ಬೆಳ್ಳಗೆ ಮಾಡಿ ಹೋಗುತ್ತಿದ್ದರಲ್ಲ, ಅವರೇ ನಾವು. ನಮ್ಮ ಬಿಲ್ಲಿಗೆ ಬಾಣವಿಲ್ಲ. ಒಂದು ಉದ್ದನೆಯ ದಂಡ, ಅದರ ಒಂದು ತುದಿಗೆ ಮೊರದಷ್ಟು ಅಗಲದ ಹಲಗೆ, ಇನ್ನೊಂದು ತುದಿಗೆ ಹಕ್ಕಿಯ ಕೊಕ್ಕಿನಂಥ ಡೊಂಕು, ಎರಡರ ನಡುವೆ ಬಿಗಿದ ಆಡಿನ ನರದ ತಂತಿ. ತಂತಿಯನ್ನು ಹತ್ತಿಯಲ್ಲಿ ಮುಳುಗಿಸಿ ಮರದ ಕೊಡತಿಯಿಂದ ಹೊಡೆದರೆ ಹತ್ತಿ ಎದ್ದು ಕುಣಿಯುತ್ತದೆ. ಸಾವಿರ ಸಲ ಹೊಡೆದರೂ ದಂಡ ದಣಿಯಬಾರದು. ತುಸು ಬಾಗಬೇಕು, ಬಾಗಿದ್ದು ಮತ್ತೆ ತನ್ನ ಜಾಗಕ್ಕೆ ಬರಬೇಕು. ಅದಕ್ಕೆ ದಡಸಲು ಮರದ ಕಟ್ಟಿಗೆಯೇ ಆಗಬೇಕು. ಕೊಡಲಿಯ ಕಾವಿಗೂ ಗಾಡಿಯ ಮೂಕಿಗೂ ಜನ ಹುಡುಕಿಕೊಂಡು ಹೋಗುವುದು ಇದನ್ನೇ.

ಹಾಗೆಂದು ನಾನೇನು ಬಿಲ್ಲು ಹಿಡಿದವನಲ್ಲ. ಯಲವಿಗಿ ಸ್ಟೇಷನ್ನಿಗೂ ಸವಣೂರಿಗೂ ನಡುವೆ ಟಂಟಂ ಆಟೋ ಓಡಿಸುತ್ತೇನೆ. ಹತ್ತನೇ ಇಯತ್ತೆಯ ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಗಣಿತದಲ್ಲಿ ನಪಾಸಾದವನು. ಮನೆಯಲ್ಲಿ ಬಿಲ್ಲು ಹಿಡಿದವರು ಅಪ್ಪ, ಅಪ್ಪನ ನಂತರ ಅಕ್ಕ. ನನ್ನನ್ನು ಬಿಲ್ಲಿನ ಹತ್ತಿರ ಬಿಡದೇ ಇದ್ದುದಕ್ಕೆ ಒಂದು ಕಾರಣವಿದೆ. ಅದನ್ನು ನಾನೇ ಹೇಳಿಬಿಡುತ್ತೇನೆ. ಓಣಿಯವರ ಬಾಯಿಂದ ಕೇಳಿದರೆ ಇನ್ನೂ ಉದ್ದ ಆಗುತ್ತದೆ.

ನನಗಾಗ ಹತ್ತು ವರ್ಷ. ರಂಜಾನ್ ಹಬ್ಬಕ್ಕೆ ನಾಲ್ಕು ದಿನ ಇತ್ತು. ಮನೆಗೆ ಸುಣ್ಣ ಬಳಿದಿದ್ದರು, ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದ್ದರು. ಎಲ್ಲವೂ ಹೊಳೆಯುತ್ತಿದ್ದಾಗ ಅಟ್ಟದ ಮೇಲಿನ ಬಿಲ್ಲಿನ ಕಟ್ಟಿಗೆಯೊಂದೇ ಮಸಿ ಹಿಡಿದು ಮಲಗಿತ್ತು. ನನಗೆ ಅದರ ಮೇಲೆ ಕನಿಕರ ಬಂತು. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ಅದನ್ನು ಇಳಿಸಿ, ಅವ್ವನ ಶೇಂಗಾ ಎಣ್ಣೆಯ ಡಬ್ಬಿಯನ್ನು ಅರ್ಧ ಬರಿದು ಮಾಡಿ, ಮೈತುಂಬ ತಿಕ್ಕಿ ತಿಕ್ಕಿ ಮಾಳಿಗೆಯ ಮೇಲೆ ಬಿಸಿಲಿಗೆ ಮಲಗಿಸಿದೆ. ಎಷ್ಟು ಚಂದ ಹೊಳೆಯಿತೆಂದರೆ ಹಬ್ಬದ ಹೊಸ ಅಂಗಿಯೂ ನನಗೆ ಸಪ್ಪೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ಪಟಾಕಿ ಹಾರಿದಂಥ ಸಪ್ಪಳ. ಎಲ್ಲರೂ ಎದ್ದು ಓಡಿದೆವು. ಕಟ್ಟಿಗೆ ತಲೆಯಿಂದ ಕಾಲಿನವರೆಗೆ ಎರಡು ಹೋಳಾಗಿತ್ತು.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೂಡಿಸಿಕೊಂಡು ತಿಳಿಸಿ ಹೇಳಿದರು: "ಇದರ ಒಳಗ ಇನ್ನೂ ನೀರು ಇತ್ತಪಾ. ಬಿಸಲಿಗೆ ಹೊರಗ ಒಣಗಿ ಬಿಗೀತು, ಒಳಗ ಹಸಿ ಉಳೀತು. ಒಳಗಿಂದಕ್ಕ ಹೊರಗಿಂದಕ್ಕ ಜಗಳ ಹತ್ತಿತು. ಒಡೀತು." ಆಗ ಹದಿನಾರು ವರ್ಷದವಳಾಗಿದ್ದ ಅಕ್ಕ ಮಾತ್ರ ಸುಮ್ಮನೆ ಬಿಡಲಿಲ್ಲ. ನನ್ನ ಎಣ್ಣೆಯ ಕೈ ಹಿಡಿದು ಮೇಲೆತ್ತಿ, "ನೋಡ್ರೆವ್ವಾ, ನಮ್ಮ ಎಣ್ಣಿಸಾಬ ಬಂದ್ರು," ಅಂದಳು. ಅವತ್ತಿನಿಂದ ನನ್ನ ಹೆಸರು ಎಣ್ಣಿಸಾಬ. ನನ್ನ ಮದುವೆಯ ದಿನವೂ ಹೆಣ್ಣಿನ ಕಡೆಯವರ ಮುಂದೆ ಹಾಗೇ ಕರೆದಳು. ಒಡೆದ ಎರಡು ಹೋಳಿನಲ್ಲಿ ಒಂದು ಬಟ್ಟೆ ಒಣಹಾಕುವ ಗಳವಾಯಿತು. ಇವತ್ತಿಗೂ ಹಿತ್ತಲಿನಲ್ಲಿದೆ. ನಲವತ್ತಾರು ವರ್ಷದಿಂದ ನನ್ನ ಅಂಗಿಗಳು ನನ್ನ ತಪ್ಪಿನ ಮೇಲೇ ಒಣಗುತ್ತಿವೆ.

ಅಕ್ಕನ ಹೆಸರು ಕಾಶಿಂಬಿ. ಊರಿಗೆಲ್ಲ ಕಾಶಿಂಬಕ್ಕ. ಹಿರೇಕೆರೂರು ಕಡೆಯ ಮಾಸೂರಿಗೆ ಮದುವೆಯಾಗಿ ಹೋದವಳು, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಒಂದು ಟ್ರಂಕಿನ ಜೊತೆ ತಿರುಗಿ ಬಂದಳು. ಅದೇ ಹೊತ್ತಿಗೆ ಅಪ್ಪನ ಬಲಭುಜ ಹೋಗಿತ್ತು. ಬಿಲ್ಲು ಹೊಡೆಯುವವರ ಭುಜ ಹೋಗುವುದು ಹಾಗೆಯೇ, ಒಂದು ದಿನ ಕೈ ತಲೆಯ ಮೇಲೆ ಏಳುವುದಿಲ್ಲ. ಅಕ್ಕ ಯಾರನ್ನೂ ಕೇಳಲಿಲ್ಲ. ಒಂದು ಮುಂಜಾನೆ ಬಿಲ್ಲನ್ನು ಜಂತಿಯಿಂದ ಇಳಿಬಿಟ್ಟ ತೂಗುಹಗ್ಗಕ್ಕೆ ಸಿಕ್ಕಿಸಿ, ಸೆರಗು ಸೊಂಟಕ್ಕೆ ಬಿಗಿದು, ಹೊಡೆಯಲು ಶುರುಮಾಡಿದಳು. ಹಿರಿಯರೊಬ್ಬರು ಬಂದು ಬಾಗಿಲಲ್ಲಿ ನಿಂತು, "ಹೆಣ್ಮಗಳು ಬಿಲ್ಲು ಹಿಡೀಬಾರದವಾ," ಅಂದರು. ಅಕ್ಕ ಕೈ ನಿಲ್ಲಿಸದೆ, "ಹತ್ತಿಗೆ ಗೊತ್ತಾಗೂದಿಲ್ಲ ಬಿಡ್ರಿ ಕಾಕಾ, ಯಾರು ಹೊಡ್ಯಾಕತ್ತಾರ ಅಂತ," ಅಂದಳು. ಮುಂದಿನ ವಾರ ಅವರ ಮನೆಯದೇ ಎರಡು ಗಾದಿ ಬಂದವು.

ಆಮೇಲೆ ಹಿಂಜುವ ಮಷಿನ್ ಬಂತು. ಅದು ಗಳಿಗೆಯಲ್ಲಿ ಗಾದಿಯ ಹತ್ತಿ ಹಿಂಜಿ ಗುಡ್ಡೆ ಹಾಕುತ್ತದೆ. ಅಕ್ಕ ಅದನ್ನು ಬೈಯಲಿಲ್ಲ. "ದೊಡ್ಡವರ ಗಾದಿಗೆ ಅಡ್ಡಿ ಇಲ್ಲ," ಅನ್ನುತ್ತಿದ್ದಳು. ಕೂಸಿನ ಗಾದಿ ಮಾತ್ರ ಬಿಲ್ಲಿನ ಹತ್ತಿಯದೇ ಆಗಬೇಕು. ನಮ್ಮ ಮನೆತನದಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಮನೆಯವರೇ ಹಿಂಜಿದ ಹತ್ತಿಯ ಮೇಲೆ. ನಾನೂ ಹಾಗೇ ಮಲಗಿದವನು, ನನ್ನ ಮಗಳು ರೇಷ್ಮಾಳೂ. ಊರಿನ ಬೇರೆ ಮನೆಗಳವರೂ ಬಸುರಿ ಹೆಣ್ಣುಮಗಳನ್ನು ಹೆರಿಗೆಗೆ ಕರೆತಂದಾಗ ಅಕ್ಕನ ಹತ್ತಿರ ಬಂದು ಕೂಸಿನ ಗಾದಿಗೆ ಹೇಳಿ ಹೋಗುತ್ತಿದ್ದರು. ಅಪ್ಪನ ಕಾಲದ ಆ ಬಿಲ್ಲಿನ ದಂಡ ಕೊನೆಗೊಮ್ಮೆ ಕೊಕ್ಕಿನ ಕಡೆ ಸೀಳಿತು. ತಂತಿ ನಿಲ್ಲದಂತಾಯಿತು. ಹಲಗೆ, ಕೊಡತಿ, ತಂತಿ ಎಲ್ಲ ಗಟ್ಟಿ ಇದ್ದವು. ದಂಡ ಹೊಸದಾಗಬೇಕು.

ಈಗ್ಗೆ ಮೂರು ವರ್ಷದ ಹಿಂದೆ, ಶಿವರಾತ್ರಿಯ ಮರುದಿನ, ಅಕ್ಕ ನನ್ನಿಂದ ಟಂಟಂ ತೆಗೆಸಿದಳು. ಹಾನಗಲ್ಲಿನ ಕಡೆ, ಕಾಡಿನ ಅಂಚಿಗೆ ಹೊಲವಿರುವ ಚನ್ನಪ್ಪ ನಮ್ಮ ಅಪ್ಪನ ಕಾಲದಿಂದ ಬೇಕಾದವರು. ಅವರ ಹೊಲದ ಬದುವಿನಲ್ಲಿ ಐದಾರು ದಡಸಲುಗಳಿವೆ. ಕಡಿಯಲು ಬೇಕಾದ ಕಾಗದವನ್ನು ಅವರೇ ಮಾಡಿಸಿ ಇಟ್ಟಿದ್ದರು. ದಡಸಲು ಎಲೆ ಉದುರಿಸಿ, ಹೊಸ ಚಿಗುರು ಇನ್ನೂ ಬಾರದೆ ಬರಿಮೈಯಲ್ಲಿ ನಿಲ್ಲುವ ಹದಿನೈದು ಇಪ್ಪತ್ತು ದಿನ ಇರುತ್ತವೆ. ಕಡಿಯುವುದು ಅದರೊಳಗೇ, ಅದೂ ಅಮಾವಾಸ್ಯೆಯ ಆಸುಪಾಸು. "ಚಿಗತ ಮ್ಯಾಲ ಕಡದ್ರ ಮೈಯೆಲ್ಲಾ ನೀರು. ಬೆಳದಿಂಗಳದಾಗ ಕಡದ್ರ ಹುಳ," ಎನ್ನುವುದು ಅಕ್ಕನ ಲೆಕ್ಕ.

ಅವಳು ಮರ ನೋಡುವುದನ್ನು ನೋಡಬೇಕಿತ್ತು. ಸೊಸೆ ನೋಡಲು ಹೋದ ಅತ್ತೆಯಂತೆ ಎಲ್ಲವುಗಳ ಸುತ್ತ ಒಂದು ಸುತ್ತು ಬಂದಳು. ಉಗುರಿನಿಂದ ತೊಗಟೆ ಕೆರೆದು ಅಂಟು ಇದೆಯೋ ನೋಡಿದಳು. ಆಮೇಲೆ ಚೀಲದಿಂದ ಒಂದು ದಾರ ತೆಗೆದು, ತುದಿಗೆ ಕಲ್ಲು ಕಟ್ಟಿ, ಮರದ ಮೈಗೆ ಇಳಿಬಿಟ್ಟಳು. ತೊಗಟೆಯ ಗೆರೆಗಳು ದಾರದ ಜೊತೆ ನೇರ ಇಳಿದರೆ ಒಳಗಿನ ಕಟ್ಟಿಗೆಯೂ ನೇರ. ಗೆರೆ ದಾರ ಬಿಟ್ಟು ಸುತ್ತಿಕೊಂಡು ಹೋದರೆ ಆ ಮರ ನಮ್ಮದಲ್ಲ. ನಾಲ್ಕು ಮರ ನಪಾಸಾದವು. ನನಗೆ ಅವುಗಳ ಮೇಲೆ ಸ್ವಲ್ಪ ಮಮತೆ ಹುಟ್ಟಿತು. ಐದನೆಯದು ಪಾಸಾಯಿತು.

"ಇದರ ಬುಡಾ ಬಿಟ್ಟ ಕಡೀರಿ ಚನ್ನಪ್ಪಣ್ಣಾರ," ಅಂದಳು. "ಮತ್ತ ಚಿಗರ ಒಡೀತೈತಿ. ಮುಂದಿನವರಿಗೆ ಬೇಕು."

"ಮುಂದ ಯಾರು ಹೊಡೀತಾರವಾ ಬಿಲ್ಲು? ನಿನ್ನ ತಮ್ಮನೇನು?" ಅಂತ ಚನ್ನಪ್ಪ ನಕ್ಕರು.

"ಅಂವ ಟಂಟಂ ಹಾರ್ನ್ ಹೊಡೀತಾನ್ರಿ. ಅದು ಆತಂದ್ರ ಇದೂ ಆದೀತು."

ಕಡಿದ ದಿಮ್ಮಿಯನ್ನು ಚನ್ನಪ್ಪ ಗರಗಸದಿಂದ ಕೊಯ್ಯಿಸೋಣವೆಂದರು. ಅಕ್ಕ ಒಪ್ಪಲಿಲ್ಲ. ಜಾಲಿ ಕಟ್ಟಿಗೆಯ ಬೆಣೆಗಳನ್ನು ತಂದಿದ್ದಳು. "ಗರಗಸ ಕಟಗೀನ ಕೇಳೂದಿಲ್ರಿ. ಬೆಣಿ ಕೇಳಿಕೊಂತ ಹೋಗತೈತಿ," ಅಂದಳು. ಬೆಣೆಯೊಂದನ್ನು ಇಟ್ಟು ಹೊಡೆದಾಗ ದಿಮ್ಮಿ ತನಗೆ ಬೇಕಾದ ದಾರಿಯಲ್ಲಿ ಚರ್‌ರೆಂದು ಬಿಚ್ಚಿಕೊಂಡಿತು. ಒಳಗೆ ನಸುಗೆಂಪು, ಎಳೆ ಎಳೆ, ಹಸಿ ವಾಸನೆ. ಆದರೆ ಅವಳು ಬೆಣೆ ಇಟ್ಟ ಜಾಗ ನೋಡಿ ನನಗೆ ಅನುಮಾನ ಬಂತು. ದಂಡದ ಅಳತೆ ಅಪ್ಪನ ಕಾಲದಿಂದಲೂ ನಾಲ್ಕು ಬಟ್ಟು. ನಾಲ್ಕು ಬೆರಳು ಸೇರಿಸಿ ಅಡ್ಡ ಇಟ್ಟರೆ ಎಷ್ಟೋ ಅಷ್ಟು ಅಗಲ. ಸೀಳುವಾಗ ಅದಕ್ಕೆ ಅರ್ಧ ಬಟ್ಟು ಹೆಚ್ಚು ಇಡುತ್ತಾರೆ. ಅಕ್ಕ ಸೀಳಿದ್ದು ಆರು ಬಟ್ಟಿನ ಮೇಲೆ ಇತ್ತು. ಹೊತ್ತು ತಂದವನು ನಾನಾದ್ದರಿಂದ ಅಳತೆ ಹೆಗಲಿಗೇ ಗೊತ್ತಾಯಿತು.

"ಅಕ್ಕಾ, ಬಿಲ್ಲು ಮಾಡೂದೋ ಗಾಡಿ ಮೂಕಿ ಮಾಡೂದೋ? ಯಾಕಿಷ್ಟು ದಪ್ಪ?"

ಅವಳು ನಿಂತು, ನನ್ನ ಬೆವರಿದ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿ, "ನಿನ್ನ ಮಾರಿ ನೋಡಿ ಇಟ್ಟೇನಿ, ಎಣ್ಣಿಸಾಬ. ಹೊರು ಸುಮ್ನ," ಅಂದಳು.

ಚನ್ನಪ್ಪ ಗಹಗಹಿಸಿ ನಕ್ಕರು. ನನಗೆ ಸಿಟ್ಟು ಬಂತು. ಐವತ್ತು ದಾಟಿದವನಿಗೆ ಪರರ ಹೊಲದಲ್ಲಿ ನಿಂತು ಮುಖದ ಮೇಲೆ ಮಾತು ಕೇಳುವ ಕರ್ಮ. ಬಂಕಾಪುರದವರೆಗೆ ಮಾತಾಡಲಿಲ್ಲ. ಕಟ್ಟಿಗೆ ಟಂಟಂನಿಂದ ಹಿಂದಕ್ಕೆ ಎರಡು ಮೊಳ ಚಾಚಿತ್ತು. ಬಂಕಾಪುರದ ಕ್ರಾಸಿನಲ್ಲಿ ಪೊಲೀಸರೊಬ್ಬರು ಕೈ ಮಾಡಿ ನಿಲ್ಲಿಸಿದರು.

"ಏನಿದು?"

"ಬಿಲ್ಲು ರೀ ಸಾಹೇಬ್ರ," ಅಂದಳು ಅಕ್ಕ.

"ಎಲ್ಲೈತಿ ಬಿಲ್ಲು? ದಿಮ್ಮಿ ಕಾಣತೈತಿ."

"ಒಳಗ ಐತ್ರಿ. ಮೂರು ವರ್ಷ ಬಿಟ್ಟು ಬರ್ರಿ, ತೋರಸ್ತೇನಿ."

ಅವರು ಕಾಗದ ಓದಿ, ಅಕ್ಕನನ್ನು ನೋಡಿ, ನಗು ತಡೆದುಕೊಂಡು ಬಿಟ್ಟರು. ನಾನು ಮೌನ ಮುರಿದು, "ಒಣಗಾಕ ಎರಡು ಬ್ಯಾಸಗಿ ಸಾಕಲ್ಲೇನು?" ಅಂದೆ. "ದಪ್ಪ ಐತಲ್ಲ. ಮೂರು ಬೇಕು," ಅಂದು ರಸ್ತೆಯ ಕಡೆ ತಿರುಗಿದಳು. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅಪ್ಪನ ಭುಜ ಅವಳಿಗೂ ಬಂದಿತ್ತು. ನೋಡಿದ್ದೆ, ಆದರೆ ಲೆಕ್ಕ ಹಾಕಿರಲಿಲ್ಲ. ಗಣಿತ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಮನೆಗೆ ಬಂದ ದಿನವೇ ಅದರ ಎರಡೂ ತುದಿಗೆ ಕೆಮ್ಮಣ್ಣು ಬೆರೆಸಿದ ಸೆಗಣಿ ಮೆತ್ತಿದಳು. ಕಟ್ಟಿಗೆಯ ನೀರು ತುದಿಯಿಂದಲೇ ಗಡಬಡಿಸಿ ಹೊರಗೆ ಬರುತ್ತದಂತೆ. ಅದನ್ನು ತಡೆದು, ಮೈಯಿಂದ ನಿಧಾನ ಹೋಗುವಂತೆ ಮಾಡಬೇಕು. ತೊಗಟೆ ಮಳೆಗಾಲದವರೆಗೆ ಇತ್ತು. ಗಾಳಿಯಲ್ಲಿ ತೇವ ತುಂಬಿದ ಮೇಲೆ ಅದನ್ನು ಸುಲಿದು, ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ ಮಲಗಿಸಿದಳು. ದಿನಾ ತುಸು ಹೊಗೆ, ತುಸು ಬೆಚ್ಚಗೆ. ಪ್ರತಿ ಅಮಾವಾಸ್ಯೆಗೆ ಸ್ಟೂಲು ಹತ್ತಿ ಅದರ ಒಂದು ಮಗ್ಗುಲು ಹೊರಳಿಸುವುದು. ಒಂದೇ ಕಡೆ ಒಣಗಿದರೆ ಡೊಂಕಾಗುತ್ತದೆ ಎಂದು. ಹೊರಳಿಸುವಾಗ ಬೆರಳ ಗೆಣ್ಣಿನಿಂದ ಬಡಿದು ಕಿವಿ ಇಡುತ್ತಿದ್ದಳು. ನನಗೂ ಕೇಳಿಸುತ್ತಿದ್ದಳು. "ದಪ್ ಅಂತೈತಿ, ಕೇಳಿದ್ಯಾ? ಟಣ್ ಅನ್ನಬೇಕು." ನನಗೆ ಎರಡೂ ಒಂದೇ ಕೇಳುತ್ತಿತ್ತು. ಹೂಂ ಅನ್ನುತ್ತಿದ್ದೆ.

ಕಟ್ಟಿಗೆ ತಂದ ಬೇಸಿಗೆಯಲ್ಲೇ ರೇಷ್ಮಾಳ ಮದುವೆಯಾಯಿತು. ಶಿಗ್ಗಾವಿಗೆ ಕೊಟ್ಟೆವು. ಗಾಡಿ ಹತ್ತುವಾಗ ಅವಳು ನನಗಿಂತ ಹೆಚ್ಚು ತಬ್ಬಿಕೊಂಡು ಅತ್ತದ್ದು ಅಕ್ಕನನ್ನು. ಅಕ್ಕ ಅವಳ ಕಣ್ಣು ಒರೆಸಿ, "ನಿನ್ನ ಕೂಸು ಈ ಹೊಸಾ ಬಿಲ್ಲಿನ ಹತ್ತಿ ಮ್ಯಾಲ ಮಲಗತೈತಿ. ನಾ ಹೇಳೇನಿ, ಆತೇನು?" ಅಂದಳು. ಅಕ್ಕ ಮಾತು ಕೊಡುವುದು ಕಡಿಮೆ. ಕೊಟ್ಟರೆ ಮುಗಿಯಿತು.

ಎರಡನೆಯ ಬೇಸಿಗೆ ಕಳೆದು ಶ್ರಾವಣ ಹಿಡಿದಿತ್ತು. ಅಕ್ಕನಿಗೆ ಮೂರು ದಿನ ಜ್ವರ ಬಂತು. ನಾಲ್ಕನೆಯ ದಿನ ಎದ್ದು ಅನ್ನ ಸಾರು ಉಂಡಳು. ಐದನೆಯ ದಿನ ಮುಂಜಾನೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಇಷ್ಟೇ. ಇದನ್ನು ಇದಕ್ಕಿಂತ ಉದ್ದ ಬರೆಯಲು ನನಗೆ ಬರುವುದಿಲ್ಲ. ಮಣ್ಣು ಕೊಟ್ಟು ಬಂದೆವು. ಬಂದವರು ಬಂದರು, ಹೋದರು. ವಾರ ಕಳೆದು ನಾನು ಟಂಟಂ ಹೊರಗೆ ತೆಗೆದೆ.

ಯಲವಿಗಿಯಲ್ಲಿ ರೈಲು ಬರುವುದನ್ನು ಕಾಯುತ್ತ ನಿಂತಿದ್ದೆ. ತೆಂಗಿನಕಾಯಿ ಮಾರುವವಳು ಯಾರಿಗೋ, "ಇವತ್ತು ಅಮಾಸಿ ಐತಿ, ಎರಡ ತೊಗೊಳ್ರಿ," ಅಂದದ್ದು ಕಿವಿಗೆ ಬಿತ್ತು. ಕಟ್ಟಿಗೆ ಹೊರಳಿಸಿಲ್ಲ! ಗಾಡಿ ತಿರುಗಿಸಿದೆ. ಹಿಂದಿನ ಸೀಟಿನಲ್ಲಿ ಕೂತಿದ್ದವರು, "ಏ ಏ, ಸಾಹೇಬ್ರ, ಇನ್ನೂ ರೈಲ ಬಂದಿಲ್ರಿ, ನಮ್ಮ ಮಂದಿ ಇಳೀಬೇಕು!" ಅಂತ ಕೂಗಿದರು. ಅವರನ್ನು ಇಳಿಸಿ, ಕೈ ಮುಗಿದು, ಖಾಲಿ ಗಾಡಿ ಓಡಿಸಿಕೊಂಡು ಮನೆಗೆ ಬಂದೆ. ಸ್ಟೂಲು ಹತ್ತಿದೆ. ಅದರ ಮೇಲೆ ಅಕ್ಕನ ಬೆರಳಿನ ಗುರುತು ಹೊಗೆಯ ಮಸಿಯಲ್ಲಿ ಹಾಗೇ ಇತ್ತು. ಅಲ್ಲೇ ಕೈ ಇಟ್ಟು ಹೊರಳಿಸಿದೆ. ಅವತ್ತೇ 'ಇದನ್ನು ನಾನು ಮುಗಿಸುತ್ತೇನೆ' ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಎಣ್ಣೆಯ ಡಬ್ಬಿ ಬಚ್ಚಿಡುತ್ತಿದ್ದರು.

ನಲವತ್ತನೆಯ ದಿನದ ಊಟಕ್ಕೆ ಬಂದ ನೆಂಟರಲ್ಲಿ ಇಬ್ಬರು ಜೋರಿನ ಆಳುಗಳು ಬಿರಿಯಾನಿಯ ದೊಡ್ಡ ಡೇಗಚಿಯ ಕಿವಿಗೆ ಬಡಿಗೆ ತೂರಿಸಿ ಹೊತ್ತು ತರಬೇಕಿತ್ತು. ನಾನು ನೋಡುವಷ್ಟರಲ್ಲಿ ಅಟ್ಟದಿಂದ ಅದನ್ನೇ ಎಳೆದಿದ್ದರು. "ಇಷ್ಟು ಚೊಲೊ ಬಡಿಗಿ ಮ್ಯಾಲ ಇಟ್ಟೀರಲ್ಲ!" ಅಂದರು. ನಾನು ಒದರಿದ ಒದರುವಿಕೆಗೆ ಮಸೀದಿಯ ಪಾರಿವಾಳಗಳು ಎದ್ದವಂತೆ. ಅಕ್ಕ ಹೋದ ಮೇಲೆ ನನ್ನ ದನಿ ಹೊರಗೆ ಬಂದದ್ದು ಅದೇ ಮೊದಲು. ಹೆಂಡತಿ ಬಂದು ಕೈ ಹಿಡಿದಳು. ಆಗ ನಾನು ಅತ್ತುಬಿಟ್ಟೆ. ಡೇಗಚಿಯನ್ನು ಬೇರೆ ಬಡಿಗೆಯಿಂದ ತಂದರು.

ಚಳಿಗಾಲಕ್ಕೆ ರೇಷ್ಮಾ ಬಸುರಿ ಎಂದು ಸುದ್ದಿ ಬಂತು. ಜೂನಿನ ಮಿರಗದ ಮಳೆಯ ಹೊತ್ತಿಗೆ ಹೆರಿಗೆ. ಕಟ್ಟಿಗೆಗೆ ಮೂರನೆಯ ಬೇಸಿಗೆ ಮುಗಿಯುವುದೂ ಆಗಲೇ. ಒಂದೇ ಕಟ್ಟಿಗೆ. ಇದು ಕೆಟ್ಟರೆ ಇನ್ನೊಂದಕ್ಕೆ ಮತ್ತೆ ಮೂರು ವರ್ಷ, ಕೂಸು ಅಲ್ಲಿಯವರೆಗೆ ಹೊಟ್ಟೆಯಲ್ಲಿ ಕಾಯುವುದಿಲ್ಲ. ಹೆಂಡತಿ ಮೆಲ್ಲಗೆ, "ಮಷಿನ್ನಿಗೆ ಹಾಕಿಸೂಣಲ್ರಿ. ನಿಮಗ್ಯಾಕ ಈ ವಯಸ್ಸಿನ್ಯಾಗ?" ಅಂದಳು. "ಅಕ್ಕ ಮಾತು ಕೊಟ್ಟಾಳ," ಅಂದೆ.

ಟಣ್ ದಪ್ ನನಗೆ ಎಂದೂ ತಿಳಿಯುವುದಿಲ್ಲ ಎಂದು ಗೊತ್ತಿತ್ತು. ನನ್ನದೇ ಉಪಾಯ ಮಾಡಿದೆ. ತಿಂಗಳಿಗೊಮ್ಮೆ ಕಟ್ಟಿಗೆಯನ್ನು ರದ್ದಿ ಅಂಗಡಿಗೆ ಒಯ್ದು ತೂಕ ಮಾಡಿಸುತ್ತಿದ್ದೆ. ನೀರು ಹೋಗುತ್ತಿದ್ದರೆ ತೂಕ ಇಳಿಯಬೇಕು. ಇಳಿಯುವುದು ನಿಂತರೆ ಒಣಗಿದೆ ಎಂದೇ ಅರ್ಥ. ಅಂಗಡಿಯವನು ಪ್ರತಿ ಸಲವೂ, "ಮಾರೂದೇನ್ರಿ ಕಾಕಾ?" ಅನ್ನುವುದು, ನಾನು "ಇಲ್ಲೋ, ಹ್ಯಾಂಗ ಅದಾಳ ನೋಡು ಅಷ್ಟ," ಅನ್ನುವುದು. ಡಾಕ್ಟರು ರೇಷ್ಮಾಳ ತೂಕ ಏರಬೇಕೆಂದು ಹೇಳುತ್ತಿದ್ದರು, ರದ್ದಿ ಅಂಗಡಿಯಲ್ಲಿ ಇಳಿಯಬೇಕಾಗಿತ್ತು. ಯುಗಾದಿ ಕಳೆದ ಮೇಲೆ ಎರಡು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ಅಕ್ಕನ ಕಿವಿಗೆ ನನ್ನ ತಕ್ಕಡಿ ಸಮ ಅಲ್ಲ. ಆದರೆ ತಪ್ಪು ಹೇಳಲಿಲ್ಲ.

ಹೆರಿಗೆಗೆ ಬಂದ ರೇಷ್ಮಾ ಹಿತ್ತಲಿನ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಕೂತಳು. ನಾನು ಅಕ್ಕನ ಬಾಚಿ ಹಿಡಿದು ಎದುರಿಗೆ ಕೂತೆ. ಕೆತ್ತುವುದನ್ನು ಎಷ್ಟೋ ಸಲ ನೋಡಿದ್ದೆ. ಬಾಚಿಯನ್ನು ಎಳೆಯ ಜೊತೆ ನಡೆಸಬೇಕು, ಎದುರಿಗೆ ಹೋಗಬಾರದು. ಕೊನೆಗೆ ಗಾಜಿನ ಚೂರಿನಿಂದ ಹೆರೆಯಬೇಕು. ಮೊದಲ ದಿನ ಕೆತ್ತಿದ್ದು ಕಟ್ಟಿಗೆಯಿಂದ ಕಡಿಮೆ, ನನ್ನ ಹೆಬ್ಬೆರಳಿನಿಂದ ಹೆಚ್ಚು.

"ಅಪ್ಪಾ, ಕೂಸು ಹುಟ್ಟೂದರೊಳಗ ಬಿಲ್ಲು ಆಕ್ಕೈತೋ, ಬಿಲ್ಲು ಆಗೂದರೊಳಗ ಕೂಸಿನ ಮದುವಿ ಆಕ್ಕೈತೋ?"

"ನಿನ್ನ ಹೊಟ್ಟಿ ಸಂಭಾಳಿಸು. ಬಿಲ್ಲಿನ ಚಿಂತಿ ನನಗಿರಲಿ."

ನಾಲ್ಕೈದು ದಿನಕ್ಕೆ ಕೈ ಕೂತಿತು. ಒಂದು ಬದಿ ಸಪಾಟಾಯಿತು. ಎಳೆ ಗೆರೆಗೆರೆಯಾಗಿ ಕಾಣತೊಡಗಿತು. ನನಗೆ ಧೈರ್ಯ ಬಂತು. ಧೈರ್ಯ ಬಂದಾಗಲೇ ನಾನು ಹಿಂದೆ ಎಣ್ಣೆಯ ಡಬ್ಬಿಗೆ ಕೈ ಹಾಕಿದ್ದು. ಆರನೆಯ ದಿನ ಇನ್ನೊಂದು ಬದಿಗೆ, ನಡುಮಧ್ಯಕ್ಕೆ, ಬಾಚಿಯನ್ನು ಸ್ವಲ್ಪ ಜೋರಿನಿಂದ ಬಿಟ್ಟೆ. ಒಳಗೆ ಕಾಣದ ಒಂದು ಗಂಟು ಇತ್ತು. ಬಾಚಿ ಅದಕ್ಕೆ ತಾಕಿ ಎಳೆ ತಪ್ಪಿತು. ಮೊಳದುದ್ದದ ಚಕ್ಕೆ ಎದ್ದು ಚಟ್ಟೆಂದು ಹಾರಿ ಹೊರಸಿನ ಕಾಲಿಗೆ ಬಡಿಯಿತು. ನೋಡಿದರೆ ದಂಡದ ನಡುವಿನಲ್ಲಿ ಎರಡು ಬಟ್ಟು ಒಳಗೆ ಹೊಂಡ ಬಿದ್ದಿತ್ತು.

ಬಾಚಿಯನ್ನು ಬಿಸಾಕಿದೆ. ಮಾಳಿಗೆಯ ಮೇಲಿನ ಆ ಸಪ್ಪಳ ಮತ್ತೆ ಕೇಳಿದಂತಾಯಿತು. "ಮುಗೀತು," ಅಂದೆ. "ಮಷಿನ್ನಿಗೆ ಹಾಕಸ್ರಿ. ನನ್ನ ಕೈಗೆ ಇದನ್ನ ಕೊಡಬಾರದಿತ್ತು. ಅಕ್ಕಗ ಗೊತ್ತಿತ್ತು."

ರೇಷ್ಮಾ ಹೊಟ್ಟೆ ಹಿಡಿದುಕೊಂಡು ಎದ್ದು ಬಂದು, ನನ್ನ ಪಕ್ಕ ಕಷ್ಟಪಟ್ಟು ಕೂತು, ಹೊಂಡದ ಹತ್ತಿರ ತನ್ನ ಬಲಗೈಯ ನಾಲ್ಕು ಬೆರಳನ್ನು ಸೇರಿಸಿ ಅಡ್ಡ ಇಟ್ಟಳು. ಉಳಿದ ಕಟ್ಟಿಗೆ ಬೆರಳಿಗೆ ಸರಿಯಾಗಿತ್ತು. ಒಂದು ಕೂದಲೆಳೆ ಹೆಚ್ಚೇ ಇತ್ತು.

"ಅತ್ತಿ ಅಳತಿ ನಾಕ ಬಟ್ಟ ಅಲ್ಲೇನು?" ಅಂದಳು. "ಐತಲ್ಲಪ್ಪಾ."

ನಾನು ನನ್ನ ಬೆರಳನ್ನೂ ಇಟ್ಟು ನೋಡಿದೆ. ಐತಿ. ಇನ್ನೊಂದು ಕಡೆ ಇಟ್ಟು ನೋಡಿದೆ. ಅಲ್ಲೂ ಐತಿ. ಹೊಲದಲ್ಲಿ ಅಕ್ಕ ನಿಂತು ನನ್ನ ಮುಖ ನೋಡಿದ್ದು ನೆನಪಾಯಿತು. ಚನ್ನಪ್ಪ ನಕ್ಕಿದ್ದು, ನಾನು ಬಂಕಾಪುರದವರೆಗೆ ಮುಖ ಗಂಟು ಹಾಕಿಕೊಂಡು ಬಂದದ್ದು, ಎಲ್ಲ ನೆನಪಾಯಿತು. ತನ್ನ ಭುಜದ ಲೆಕ್ಕವನ್ನು ಅವಳು ಅವತ್ತೇ ಹಾಕಿದ್ದಳು. ಕೆತ್ತುವವನು ಯಾರು ಎಂಬುದೂ ಆ ಲೆಕ್ಕದಲ್ಲಿತ್ತು. ಅವನು ಎಷ್ಟು ತಪ್ಪುತ್ತಾನೆ ಎಂಬುದೂ ಇತ್ತು. ಅದಕ್ಕಾಗಿ ಒಂದು ಬೇಸಿಗೆ ಹೆಚ್ಚು ಕಾಯಲೂ ಒಪ್ಪಿದ್ದಳು.

ಆಮೇಲೆ ಬಾಚಿ ಹುಡುಕಿಕೊಂಡು ಬಂದೆ. ಉಳಿದ ಕಡೆಯನ್ನೆಲ್ಲ ಹೊಂಡದ ಮಟ್ಟಕ್ಕೆ ಇಳಿಸಿದೆ. ಕೈ ಮತ್ತೆ ತಪ್ಪಲಿಲ್ಲ. ತಪ್ಪಲು ಜಾಗವೂ ಉಳಿದಿರಲಿಲ್ಲ. ಹಳೆಯ ಹಲಗೆ ಕೂರಿಸಿ, ಹಳೆಯ ತಂತಿ ಬಿಗಿದು, ತೂಗುಹಗ್ಗಕ್ಕೆ ಸಿಕ್ಕಿಸಿದೆ. ಚನ್ನಪ್ಪ ತಮ್ಮ ಹೊಲದ ಹತ್ತಿಯನ್ನು ಕಾಳು ಬಿಡಿಸಿ ಕಳಿಸಿದ್ದರು. ಮೊದಲ ಏಟು ದಬ್ ಎಂದಿತು. ಎರಡನೆಯದು ನನ್ನ ಮೊಣಕೈಗೆ ಬಿತ್ತು. ತಂತಿ ಇನ್ನಷ್ಟು ಬಿಗಿದು ಮೂರನೆಯದು ಹೊಡೆದಾಗ ಟೊಂಯ್ ಎಂದಿತು. ಅಕ್ಕ ಹೊಡೆದಾಗ ಬರುತ್ತಿದ್ದ ದನಿ ಅಲ್ಲ ಅದು. ಆದರೆ ಬಿಲ್ಲಿನ ದನಿಯೇ. ಓಣಿಯ ಮುದುಕಿಯೊಬ್ಬಳು ಬಾಗಿಲಿಗೆ ಓಡಿ ಬಂದು, "ಯಾರು ಹೊಡ್ಯಾಕತ್ತಾರವಾ?" ಅಂದಳು. "ಹತ್ತಿಗೆ ಗೊತ್ತಾಗೂದಿಲ್ಲ ಬಿಡಬೇ," ಅಂದೆ. ಹುಬ್ಬು ಮೀಸೆಯೆಲ್ಲ ಬೆಳ್ಳಗಾಗಿತ್ತು.

ಮಿರಗದ ಮಳೆ ಬಿದ್ದ ಮೂರನೆಯ ದಿನ ಮೊಮ್ಮಗಳು ಹುಟ್ಟಿದಳು. ಅಂಗೈಯಷ್ಟು ದಪ್ಪದ ಗಾದಿಯ ಮೇಲೆ ಮಲಗಿಸಿದೆವು. ಮೂರು ಬೇಸಿಗೆ ಒಣಗಿಸಿ ಮಾಡಿದ್ದನ್ನು ಅರ್ಧ ತಾಸಿನಲ್ಲಿ ತೋಯಿಸಿ, ಸುಖವಾಗಿ ನಿದ್ದೆ ಹೋದಳು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಮತ್ತೆ ಹಾನಗಲ್ಲಿಗೆ ಹೋಗಿದ್ದೆ. ರೇಷ್ಮಾ ಕೂಸನ್ನು ತನ್ನ ಅವ್ವನ ಹತ್ತಿರ ಬಿಟ್ಟು ಜೊತೆಗೆ ಬಂದಳು. ಬಿಲ್ಲು ಹೊಡೆಯುವುದನ್ನು ಅವಳು ನನಗಿಂತ ಬೇಗ ಕಲಿತಿದ್ದಾಳೆ. ಕಟ್ಟಿಗೆಯ ಗಂಧ ಮಾತ್ರ ಇನ್ನೂ ಗೊತ್ತಿಲ್ಲ. ಅಕ್ಕ ಕಡಿಸಿದ ಬುಡ ಒಡೆದು ತೊಡೆಯೆತ್ತರ ಚಿಗುರು ಬಂದಿದೆ, ಅದಕ್ಕೆ ಇನ್ನೂ ಎಷ್ಟೋ ವರ್ಷ ಬೇಕು. ಪಕ್ಕದ ಬದುವಿನ ಮರಗಳಿಗೆ ದಾರ ಇಳಿಬಿಟ್ಟೆ. ಮೂರನೆಯದು ಪಾಸಾಯಿತು. ಚನ್ನಪ್ಪ ದಿಮ್ಮಿ ಹಿಡಿದುಕೊಂಡರು. ನಾನು ಬೆಣೆ ಇಟ್ಟು, ಸ್ವಲ್ಪ ಯೋಚನೆ ಮಾಡಿ, ತೆಗೆದು, ಇನ್ನೂ ಆಚೆಗೆ ಇಟ್ಟೆ. ಏಳು ಬಟ್ಟು.

ಹೊತ್ತುಕೊಂಡು ನಾಲ್ಕು ಹೆಜ್ಜೆ ನಡೆದ ರೇಷ್ಮಾ ತಿರುಗಿ ನಿಂತಳು. "ಅಪ್ಪಾ, ಯಾಕಿಷ್ಟು ದಪ್ಪ?"

"ನಿನ್ನ ಮಾರಿ ನೋಡಿ ಇಟ್ಟೇನಿ," ಅಂದೆ.

ಅವಳಿಗೆ ಸಿಟ್ಟು ಬಂತು. ಸವಣೂರು ಬರುವವರೆಗೆ ನನ್ನ ಜೊತೆ ಮಾತಾಡಲಿಲ್ಲ.